ಬೇರೆ ಕಂಪನಿಯ ಲೆನ್ಸು

ಜನರ ಬಾಯಿಯ ಒಳಗಿನ ಫೋಟೋ ತೆಗೆಯುವುದು ನನ್ನ ಕೆಲಸ. ಮೊದಲ ಸಲ ಕೇಳಿದವರು ನಗುತ್ತಾರೆ, ಆಮೇಲೆ ತಮ್ಮ ಬಾಯಿಯನ್ನು ಸ್ವಲ್ಪ ಬಿಗಿಯಾಗಿ ಮುಚ್ಚಿಕೊಳ್ಳುತ್ತಾರೆ. ರಿಚರ್ಡ್ಸ್ ಟೌನಿನಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿರುವ ಒಂದು ಹಳೆಯ ಧರ್ಮಾರ್ಥ ಆಸ್ಪತ್ರೆಯಲ್ಲಿ, ಬಾಯಿ ಮತ್ತು ದವಡೆಯ ವಿಭಾಗಕ್ಕೆ ನಾನು ಫೋಟೋಗ್ರಾಫರ್. ಅದಕ್ಕೂ ಮುಂಚೆ ಶಿವಾಜಿನಗರದ ಸ್ಟುಡಿಯೋ ಒಂದರಲ್ಲಿ ಹನ್ನೊಂದು ವರ್ಷ ಪಾಸ್‌ಪೋರ್ಟ್ ಸೈಜಿನ ಮುಖಗಳನ್ನು ತೆಗೆದಿದ್ದೆ. ಸ್ಟುಡಿಯೋ ಮುಚ್ಚಿಹೋಯಿತು. ಅದೇ ಸಮಯಕ್ಕೆ ಆಸ್ಪತ್ರೆಗೆ ಒಬ್ಬಳು ಹೆಂಗಸು ಬೇಕಾಗಿದ್ದಳು, ಗಂಡಸು ಕ್ಯಾಮೆರಾ ಹಿಡಿದು ನಿಂತರೆ ನಮ್ಮ ಕಡೆಯ ಹೆಂಗಸರು ಬಾಯಿ ತೆರೆಯಲು ಒಪ್ಪುತ್ತಿರಲಿಲ್ಲ. ಹಾಗೆ ಸೇರಿಕೊಂಡೆ.

ಕೆಲಸ ನೋಡುವುದಕ್ಕೆ ಸುಲಭ. ತುಟಿಯನ್ನು ಪ್ಲಾಸ್ಟಿಕ್ ಕೊಕ್ಕೆಯಿಂದ ಅಗಲಿಸಬೇಕು, ಪುಟ್ಟ ಕನ್ನಡಿಯನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿ ಒಳಗಿಡಬೇಕು, ಉಸಿರಿಗೆ ಅದು ಮಂಜಾಗುವುದರೊಳಗೆ ಕ್ಲಿಕ್ ಮಾಡಬೇಕು. ಕಷ್ಟವಿರುವುದು ಬೇರೆ ಕಡೆ. ಎಲೆ ಅಡಿಕೆ, ಹೊಗೆಸೊಪ್ಪು ಜಗಿಯುವವರ ಕೆನ್ನೆಯ ಒಳಗೆ ಬಿಳಿಯ ಮಚ್ಚೆ ಮೂಡುತ್ತದೆ. ಎಷ್ಟೋ ಮಂದಿಗೆ ಅದು ಹಾಗೆಯೇ ವರ್ಷಗಟ್ಟಲೆ ಇದ್ದುಬಿಡುತ್ತದೆ. ಕೆಲವರಿಗೆ ಮಾತ್ರ ಒಂದು ದಿನ ಅದರ ನಡುವೆ ಕೆಂಪು ಚುಕ್ಕಿ ಕಾಣಿಸಿಕೊಳ್ಳುತ್ತದೆ, ಅಂಚು ದಪ್ಪವಾಗುತ್ತದೆ. ಅದನ್ನು ಹಿಡಿಯಬೇಕೆಂದರೆ ನಾಲ್ಕು ತಿಂಗಳಿಗೊಮ್ಮೆ ಅದೇ ಜಾಗವನ್ನು ಅದೇ ದೂರದಿಂದ, ಅದೇ ಬೆಳಕಿನಲ್ಲಿ, ಅದೇ ಅಳತೆಯಲ್ಲಿ ತೆಗೆದು ಪಕ್ಕಪಕ್ಕ ಇಟ್ಟು ನೋಡಬೇಕು. ಅಳತೆ ತಪ್ಪಿದರೆ ಹೋಲಿಕೆ ಸುಳ್ಳು ಹೇಳುತ್ತದೆ. ಅದಕ್ಕಾಗಿಯೇ ಹತ್ತಿರದ ವಸ್ತುಗಳಿಗೆಂದು ಮಾಡಿದ ಮ್ಯಾಕ್ರೋ ಲೆನ್ಸ್ ನಮಗೆ ಬೇಕು.

ನಾನು ಸೇರಿದಾಗ ವಿಭಾಗದಲ್ಲಿದ್ದ ಲೆನ್ಸು ಕ್ಯಾಮೆರಾ ಕಂಪನಿಯದೇ ಆಗಿತ್ತು. ಕೆಲವು ವರ್ಷಗಳ ಹಿಂದೆ ಅದು ಮುಷ್ಕರ ಹೂಡಿತು. ಒಳಗಿನ ಮೋಟಾರು ಗರಗರ ಎಂದು ಸದ್ದು ಮಾಡಿ ನಿಂತುಬಿಡುತ್ತಿತ್ತು. ಹಲಸೂರಿನ ನಮ್ಮ ಮನೆಯಿಂದ ಒಂದೇ ಸ್ಟಾಪ್ ಮೆಟ್ರೋ ಹಿಡಿದು ಇಂದಿರಾನಗರದ ಸರ್ವಿಸ್ ಸೆಂಟರಿಗೆ ಹೋದೆ. ಒಂದು ಕಾಲಕ್ಕೆ ಯಾರೋ ಸಂಸಾರ ಮಾಡಿಕೊಂಡಿದ್ದ ಬಂಗಲೆ ಅದು; ಕೆಳಗೆ ಕಾಫಿ ಅಂಗಡಿ, ಮೇಲೆ ಸರ್ವಿಸ್ ಸೆಂಟರ್. ಟೋಕನ್ ಕೊಟ್ಟು ಕೂರಿಸಿದರು. ಕೌಂಟರಿನ ಹುಡುಗಿ ಲೆನ್ಸನ್ನು ಬಿಳಿ ಬಟ್ಟೆಯ ಮೇಲೆ ಮಗುವನ್ನು ಮಲಗಿಸಿದ ಹಾಗೆ ಮಲಗಿಸಿ ನಂಬರ್ ಟೈಪ್ ಮಾಡಿದಳು.

"ಮೇಡಂ, ಈ ಮಾಡೆಲ್ ನಿಲ್ಸಿ ತುಂಬಾ ವರ್ಷ ಆಯ್ತು. ಪಾರ್ಟ್ಸ್ ಬರಲ್ಲ," ಎಂದಳು.

"ಹಾಗಾದ್ರೆ?"

"ಹೊಸದು ತಗೋಬೇಕು ಮೇಡಂ. ಎರಡು ವರ್ಷ ವಾರಂಟಿ ಇರುತ್ತೆ. ಏನೇ ಆದ್ರೂ ಇಲ್ಲೇ ಬನ್ನಿ, ರಿಪೇರಿ ಆಗೋವರೆಗೂ ಬೇರೆ ಲೆನ್ಸ್ ಕೊಟ್ಟಿರ್ತೀವಿ."

ಅವಳು ಕೊಟ್ಟ ಬೆಲೆಯ ಚೀಟಿಯನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡೆ. ನಮ್ಮ ವಿಭಾಗದ ಮುಖ್ಯಸ್ಥೆ, ನಾವೆಲ್ಲ ದೊಡ್ಡ ಡಾಕ್ಟರು ಎನ್ನುತ್ತಿದ್ದ ಹಿರಿಯ ಹೆಂಗಸು, ಆ ಚೀಟಿ ನೋಡಿ ಕನ್ನಡಕ ತೆಗೆದರು. ಅಷ್ಟು ಹಣಕ್ಕೆ ಆಸ್ಪತ್ರೆಯ ಟ್ರಸ್ಟು ಸುಲಭಕ್ಕೆ ಒಪ್ಪುವ ಹಾಗಿರಲಿಲ್ಲ.

"ನಂಗೆ ಕ್ಯಾಮೆರಾ ವಿಷ್ಯ ಒಂದಕ್ಷರ ಗೊತ್ತಿಲ್ಲಮ್ಮ. ನೀನು ನೋಡಿ ಹೇಳು, ನೀನು ಹೇಳಿದ್ದಕ್ಕೆ ನಾನು ಸೈನ್ ಹಾಕ್ತೀನಿ," ಎಂದರು.

ನನ್ನ ಜೀವನದಲ್ಲಿ ಅಷ್ಟು ದೊಡ್ಡ ಮಾತನ್ನು ಯಾರೂ ನನಗೆ ಹೇಳಿರಲಿಲ್ಲ. ಸ್ಟುಡಿಯೋದಲ್ಲಿ ಬಲ್ಬ್ ಬದಲಾಯಿಸಲೂ ಯಜಮಾನರನ್ನು ಕೇಳಬೇಕಿತ್ತು. ಮೂರು ವಾರ ನಾನು ಬೇರೇನೂ ಯೋಚಿಸಲಿಲ್ಲ. ಮನೆಯ ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ವಿಡಿಯೋಗಳನ್ನು ನೋಡಿದೆ. ಯಾವುದೋ ದೇಶದ ಗಂಡಸರು ಒಂದೇ ಇಟ್ಟಿಗೆ ಗೋಡೆಯನ್ನು ಎರಡು ಲೆನ್ಸುಗಳಲ್ಲಿ ತೆಗೆದು, ಮೂಲೆಗಳನ್ನು ದೊಡ್ಡದು ಮಾಡಿ ತೋರಿಸುತ್ತಿದ್ದರು. ಬೇರೆ ಕಂಪನಿಯೊಂದು ನಮ್ಮ ಕ್ಯಾಮೆರಾಕ್ಕೆ ಕೂರುವ ಹಾಗೆಯೇ ಮಾಡಿದ ಮ್ಯಾಕ್ರೋ ಲೆನ್ಸ್ ಅರ್ಧ ಬೆಲೆಗೆ ಸಿಗುತ್ತಿತ್ತು, ಮತ್ತು ಆ ಗೋಡೆಯ ಮೂಲೆಗಳಲ್ಲಿ ಗೆಲ್ಲುತ್ತಿದ್ದದ್ದು ಅದೇ. ಒಂದು ಕೂದಲೆಳೆಯಷ್ಟು ಹೆಚ್ಚು ಚೂಪು. ಸರ್ವಿಸ್ ಮಾತ್ರ ಬೆಂಗಳೂರಿನಲ್ಲಿ ಇರಲಿಲ್ಲ. ಬೇರೆ ಊರಿನ ಏಜೆಂಟರಿಗೆ ಕೊರಿಯರ್ ಮಾಡಬೇಕು. ಆದರೆ ಹೊಸ ಲೆನ್ಸು ಕೆಡುವುದೆಂದರೇನು ಎಂದುಕೊಂಡೆ. ಹಳೆಯದು ಕೆಡಲು ಅಷ್ಟು ವರ್ಷ ಬೇಕಾಗಿತ್ತಲ್ಲ.

ಇನ್ನೊಂದು ದಾರಿಯೂ ಇತ್ತು. ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಒಬ್ಬ ಮುದುಕರು ಹಳೆಯ ಕ್ಯಾಮೆರಾ, ಲೆನ್ಸುಗಳನ್ನು ರಿಪೇರಿ ಮಾಡಿ ಮಾರುತ್ತಿದ್ದರು. ಸ್ಟುಡಿಯೋದಲ್ಲಿದ್ದಾಗಿನಿಂದ ನನಗೆ ಪರಿಚಯ; ಚಾಚಾ ಎಂದು ಕರೆಯುತ್ತಿದ್ದೆ. ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿ. ಬಂದ ಲೆನ್ಸನ್ನೆಲ್ಲ ಅವರು ಮೊದಲು ಟ್ಯೂಬ್‌ಲೈಟಿಗೆ ಹಿಡಿದು, ಒಳಗೆ ಬೂಷ್ಟು ಹಿಡಿದಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ನಮ್ಮ ಹಳೆಯ ಲೆನ್ಸಿನ ಮಾಡೆಲಿನದೇ ಇನ್ನೊಂದು ಅವರ ಬಳಿ ಇತ್ತು. ಯಾರೋ ಕೈಬಿಟ್ಟದ್ದು, ಚೆನ್ನಾಗಿ ನಡೆಯುತ್ತಿತ್ತು. ನಾನು ಮೂರು ದಾರಿಗಳನ್ನೂ ಅವರ ಮುಂದೆ ಹೇಳಿಕೊಂಡೆ. ಅವರು ಚಹಾ ತರಿಸಿದರು.

"ಗಾಜು ಎಲ್ಲಾದೂ ಒಳ್ಳೇದೇ ಬೇಟಿ ಈಗ. ಯಾರೂ ಕೆಟ್ಟ ಗಾಜು ಮಾಡಲ್ಲ," ಎಂದರು. "ಕೆಟ್ಟ್ ಹೋದ ದಿನ ಯಾರ ಬಾಗ್ಲು ತಟ್ತೀಯ, ಅದನ್ನ ನೋಡ್ಕೊಂಡು ತಗೋ. ಮನೆಗೆ ತಗೋತಿದ್ರೆ ನಾನೇ ಆ ಕಂಪನಿ ಲೆನ್ಸ್ ತಗೋ ಅಂತಿದ್ದೆ, ಅರ್ಧ ದುಡ್ಡು ಉಳ್ಸು ಅಂತಿದ್ದೆ. ಆಸ್ಪತ್ರೆ ಕೆಲ್ಸ ಅಂತೀಯಲ್ಲ."

"ನಿಮ್ಮ ಹತ್ರ ತಗೊಂಡ್ರೆ?"

"ನಾನಿರೋವರೆಗೂ ನನ್ನ ಬಾಗ್ಲು. ಆಮೇಲೆ ಬರೀ ಬಾಗ್ಲು."

ನನಗೆ ಆ ಮಾತು ಅರ್ಥವಾಯಿತು, ಆದರೆ ಒಳಗಿಳಿಯಲಿಲ್ಲ. ಟ್ರಸ್ಟಿನ ಸಭೆಯಲ್ಲಿ ನಾನು ಬೇರೆ ಕಂಪನಿಯ ಲೆನ್ಸಿನ ಪರವಾಗಿ ಮಾತಾಡಿದೆ. ಉಳಿಯುವ ಹಣದಲ್ಲಿ ಸವೆದುಹೋದ ನಮ್ಮ ಕ್ಯಾಮೆರಾದ ಬದಲಿಗೆ ಚಾಚಾನ ಬಳಿ ಒಂದು ಬಳಸಿದ ಕ್ಯಾಮೆರಾ ಬಾಡಿ, ಲೆನ್ಸಿನ ಸುತ್ತ ಕೂರುವ ಉಂಗುರದ ಫ್ಲ್ಯಾಶು, ಎರಡು ಜೊತೆ ಹೊಸ ಕನ್ನಡಿ ಎಲ್ಲವೂ ಬರುತ್ತದೆಂದು ಪಟ್ಟಿ ಓದಿದೆ. ಕಂಪನಿಯ ಬೆಂಬಲದ ಬಗ್ಗೆ ಒಬ್ಬರು ಕೇಳಿದರು. "ಆ ದುಡ್ಡು ಹೆಸರಿಗೆ ಕೊಡೋದು ಸರ್," ಎಂದೆ. ಎಲ್ಲರೂ ತಲೆಯಾಡಿಸಿದರು. ಹೊರಗೆ ಬಂದಾಗ ದೊಡ್ಡ ಡಾಕ್ಟರು ನನ್ನ ಬೆನ್ನು ತಟ್ಟಿದರು. ಆ ದಿನ ನಾನು ಮನೆಗೆ ನಡೆದುಕೊಂಡೇ ಹೋದೆ, ಅಷ್ಟು ಹಗುರಾಗಿದ್ದೆ.

ಆ ಲೆನ್ಸು ಕೆಟ್ಟದ್ದಾಗಿರಲಿಲ್ಲ. ಇದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಎರಡು ವರ್ಷಕ್ಕೂ ಮೇಲೆ ಅದು ಕೊಟ್ಟಂಥ ಚಿತ್ರಗಳನ್ನು ನಾನು ಮೊದಲು ತೆಗೆದಿರಲಿಲ್ಲ. ಕೆನ್ನೆಯ ಒಳಚರ್ಮದ ಒಂದೊಂದು ನೆರಿಗೆಯೂ ನೇಗಿಲ ಗೆರೆಯ ಹಾಗೆ ಬರುತ್ತಿತ್ತು.

ಅದೇ ಲೆನ್ಸಿನಲ್ಲಿ ಮೊದಲ ತಿಂಗಳು ತೆಗೆದ ಬಾಯಿಗಳಲ್ಲಿ ಒಂದು, ಮಹದೇವಪುರದ ಕಡೆಯಿಂದ ಬಂದ ಒಬ್ಬ ಅಜ್ಜಿಯದು. ಅಜ್ಜಿ ಎಂದರೂ ಅರವತ್ತೆರಡೋ ಅರವತ್ತಮೂರೋ. ಅಲ್ಲಿನ ಹಳೆಯ ಊರಿನವರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಗಾಜಿನ ಕಟ್ಟಡ ನಿಂತಿದೆ, ಉಳಿದ ತುಂಡು ಜಾಗದಲ್ಲಿ ಮನೆಯವರು ಸಾಲು ಕೋಣೆ ಕಟ್ಟಿ ಕ್ಯಾಬ್ ಓಡಿಸುವವರಿಗೆ ಬಾಡಿಗೆ ಕೊಟ್ಟಿದ್ದರು. ಎಡಗೆನ್ನೆಯ ಒಳಗೆ ಹೆಬ್ಬೆರಳಿನ ಉಗುರಿನಷ್ಟು ಬಿಳಿ ಮಚ್ಚೆ. ಕೂಲಿಯವರ ಜೊತೆ ಹೊಲದಲ್ಲಿ ಕೂತು ಕಲಿತ ಹೊಗೆಸೊಪ್ಪು, ಹೊಲ ಹೋದರೂ ಅವರ ಸೊಂಟದ ಚೀಲದಲ್ಲಿ ಉಳಿದಿತ್ತು.

"ಮದ್ವೇಲೂ ನನ್ನ ಇಷ್ಟು ಪೋಟೋ ತೆಗ್ದಿರ್ಲಿಲ್ಲ ಕಣವ್ವ," ಎಂದರು ಮೊದಲ ದಿನ, ಕೊಕ್ಕೆ ತೆಗೆದ ಮೇಲೆ.

"ಹೊಗೆಸೊಪ್ಪು ಬಿಡಬೇಕಮ್ಮ."

"ಬಿಟ್ಟಿವ್ನಿ. ನಿನ್ನೆ ರಾತ್ರೆ ಬಿಟ್ಟೆ."

ಬೆಳಿಗ್ಗೆ ಹಾಕಿಕೊಂಡ ವಾಸನೆ ಬರುತ್ತಿತ್ತು. ಇಬ್ಬರೂ ನಕ್ಕೆವು. ನಾಲ್ಕು ತಿಂಗಳಿಗೊಮ್ಮೆ ತಪ್ಪದೆ ಬರುತ್ತಿದ್ದರು. ಬರುವಾಗ ಕೆ.ಆರ್. ಪುರದ ಸಂತೆಯಿಂದ ಏನಾದರೂ ತರುತ್ತಿದ್ದರು. ಅವರೆಕಾಯಿಯ ಕಾಲದಲ್ಲಿ ಅವರೆಕಾಯಿ, ಇಲ್ಲದಿದ್ದರೆ ಒಂದು ಕಟ್ಟು ಸಬ್ಬಸಿಗೆ. ಬೇರೆಯವರ ಮುಂದೆ ಸೆರಗು ಅಡ್ಡ ಹಿಡಿದು ಬಾಯಿ ಬಿಗಿಯುತ್ತಿದ್ದವರು ನನ್ನ ಮುಂದೆ ಕುರ್ಚಿಯಲ್ಲಿ ಕೂತೊಡನೆ ಹಕ್ಕಿಮರಿಯ ಹಾಗೆ ಬಾಯಿ ತೆರೆಯುತ್ತಿದ್ದರು. ಎಂಟು ಸಲ ಬಂದರು. ಎಂಟು ಸಲವೂ ಮಚ್ಚೆ ಹಾಗೆಯೇ ಇತ್ತು.

ಈ ನಡುವೆ ದೊಡ್ಡ ಡಾಕ್ಟರು ನಿವೃತ್ತರಾದರು. ಅವರ ಜಾಗಕ್ಕೆ ಒಬ್ಬ ಹೊಸ ಡಾಕ್ಟರು ಬಂದರು. ಕೆಟ್ಟವರಲ್ಲ, ಆದರೆ ಬೆಳಗಿನಿಂದ ರೋಗಿಗಳ ಸಾಲು ಕರಗಿಸುವುದರಲ್ಲೇ ಇರುತ್ತಿದ್ದರು. ಚಾಚಾನಿಂದ ತಂದ ಬಳಸಿದ ಬಾಡಿಯ ಷಟರ್ ಒಂದು ದಿನ ಮುರಿಯಿತು. ಚಾಚಾ ಆ ಬಾಡಿಯನ್ನು ಇಟ್ಟುಕೊಂಡು, ಇನ್ನೊಂದು ಸತ್ತ ಕ್ಯಾಮೆರಾದಿಂದ ಭಾಗ ಸಿಕ್ಕರೆ ಹಾಕುತ್ತೇನೆ ಎಂದರು. ಅಷ್ಟರಲ್ಲಿ ದಾನಿಯೊಬ್ಬರು ಆಸ್ಪತ್ರೆಗೆ ಅದೇ ಕಂಪನಿಯ ಹೊಚ್ಚ ಹೊಸ ಕ್ಯಾಮೆರಾ ಕೊಡಿಸಿದರು. ಲೆನ್ಸಿಗೂ ಅದಕ್ಕೂ ನಡುವೆ ಒಂದು ಜೋಡಣೆಯ ಉಂಗುರ ಹಾಕಿದರೆ ಸಾಕು, ಎಲ್ಲ ಸರಾಗವಾಗಿ ನಡೆಯಿತು. ಕೆಲವು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಕ್ಯಾಮೆರಾದ ಪರದೆಯ ಮೇಲೆ ಹೊಸ ಸಾಫ್ಟ್‌ವೇರ್ ಹಾಕಲೇ ಎಂಬ ಪ್ರಶ್ನೆ ಬಂತು. ನಾನೇ ಸರಿ ಎಂದು ಒತ್ತಿದೆ. ಕ್ಯಾಮೆರಾ ಆರಿತು, ಹೊತ್ತಿತು. ಆಮೇಲೆ ಲೆನ್ಸನ್ನು ಅದು ಗುರುತಿಸಲೇ ಇಲ್ಲ.

ಮತ್ತೆ ಇಂದಿರಾನಗರ. ಅದೇ ಬಿಳಿ ಬಟ್ಟೆ. ಈ ಸಲ ಕೌಂಟರಿನಲ್ಲಿ ಒಬ್ಬ ಯುವಕ ಇದ್ದ. ಲೆನ್ಸನ್ನು ಕೈಗೆ ತೆಗೆದುಕೊಳ್ಳಲೂ ಇಲ್ಲ.

"ಇದು ನಮ್ಮ ಲೆನ್ಸ್ ಅಲ್ಲ ಮೇಡಂ."

"ಗೊತ್ತು. ಕ್ಯಾಮೆರಾ ನಿಮ್ದೇ. ನಿಮ್ಮ ಸಾಫ್ಟ್‌ವೇರ್ ಹಾಕಿದ್ಮೇಲೆ ಹಿಂಗಾಯ್ತು."

"ಕ್ಯಾಮೆರಾ ಸರಿಯಾಗಿದೆ ಮೇಡಂ, ನೋಡಿ." ತನ್ನ ಕಂಪನಿಯ ಒಂದು ಲೆನ್ಸ್ ಹಾಕಿ ನನ್ನ ಮುಖದ ಫೋಟೋ ತೆಗೆದು ತೋರಿಸಿದ. ಎಷ್ಟು ಸ್ಪಷ್ಟವಾಗಿತ್ತೆಂದರೆ ನನ್ನ ಗಾಬರಿಯೂ ಕಾಣುತ್ತಿತ್ತು. "ಹಳೇ ಸಾಫ್ಟ್‌ವೇರ್‌ಗೆ ವಾಪಸ್ ಹೋಗೋಕಾಗಲ್ಲ. ಲೆನ್ಸ್ ಕಂಪನಿಯವ್ರನ್ನೇ ಕೇಳ್ಬೇಕು ನೀವು."

ಲೆನ್ಸ್ ಕಂಪನಿಯ ಏಜೆಂಟರು ಫೋನಿನಲ್ಲಿ ತುಂಬ ಮರ್ಯಾದೆಯಿಂದ ಮಾತಾಡಿದರು. ಕಳಿಸಿಕೊಡಿ, ಮೂರು ವಾರ ಎಂದರು. ಕಳಿಸಿದೆ. ಮೂರು ವಾರದ ಮೇಲೆ, ಇದು ಇಲ್ಲಿ ಆಗುವುದಿಲ್ಲ, ಹೊರದೇಶಕ್ಕೆ ಹೋಗಬೇಕು ಎಂದರು. ಎಷ್ಟು ದಿನ ಎಂದರೆ ಹೇಳಲಾಗುವುದಿಲ್ಲ ಎಂದರು.

ಚಾಚಾನ ಬಳಿ ಹೋದೆ. ಬಾಡಿಯ ಷಟರಿಗೆ ಇನ್ನೂ ಭಾಗ ಸಿಕ್ಕಿರಲಿಲ್ಲ. ನಾನು ಮುಂಚೆ ಬೇಡವೆಂದಿದ್ದ ಲೆನ್ಸು ಎಂದೋ ಮಾರಿಹೋಗಿತ್ತು. ಅವರು ಒಳಗೆ ಹುಡುಕಿ, ಎಲ್ಲವನ್ನೂ ಕೈಯಲ್ಲೇ ತಿರುಗಿಸಬೇಕಾದ ಒಂದು ಹಳೆಯ ಕಬ್ಬಿಣದಂಥ ಮ್ಯಾಕ್ರೋ ಲೆನ್ಸ್ ತೆಗೆದುಕೊಟ್ಟರು.

"ಇದ್ರಲ್ಲಿ ಕರೆಂಟೇ ಇಲ್ಲ, ಕೆಡೋಕೆ ಏನೂ ಇಲ್ಲ. ನಿಮ್ಮ ಕ್ಯಾಮೆರಾಕ್ಕೆ ಜೋಡ್ಸೋಕೆ ಬೇರೆ ರಿಂಗ್ ತರಿಸ್ಬೇಕು, ಅಷ್ಟೇ. ಲೆನ್ಸ್‌ಗೆ ದುಡ್ಡು ಬೇಡ, ನಿಂದು ಬರೋವರೆಗೂ ಇಟ್ಕೋ," ಎಂದರು.

ನಾನು ಬೇಡವೆಂದೆ. ಇದನ್ನು ಎಷ್ಟು ಸಲ ನೆನೆದಿದ್ದೇನೋ. ಆ ರಿಂಗ್ ತರಿಸಬೇಕೆಂದರೆ ಅರ್ಜಿ ಬರೆಯಬೇಕು. ಅರ್ಜಿಯಲ್ಲಿ ಕಾರಣ ಬರೆಯಬೇಕು. ಹೆಸರಿಗೆ ಕೊಡುವ ದುಡ್ಡು ಎಂದು ನಾನು ಹೇಳಿದ್ದನ್ನು ಕೇಳಿದ ಅದೇ ಜನ ಅದನ್ನು ಓದುತ್ತಾರೆ. ನನ್ನ ಕೈಯಿಂದಲೇ ಕೊಳ್ಳಬಹುದಿತ್ತು, ಅಂಥ ದೊಡ್ಡ ಮೊತ್ತವೇನಲ್ಲ. ಅದೂ ಹೊಳೆಯಲಿಲ್ಲ, ಅಥವಾ ಹೊಳೆದರೂ ಕೊಂಡರೆ ತಪ್ಪು ಒಪ್ಪಿಕೊಂಡಂತೆ ಅನ್ನಿಸಿತು. "ಬೇಡ ಚಾಚಾ, ನಮ್ದು ಬಂದ್ಬಿಡುತ್ತೆ," ಎಂದು ಬಂದುಬಿಟ್ಟೆ. ಹೊಸ ಡಾಕ್ಟರಿಗೆ, ಲೆನ್ಸು ಸರ್ವಿಸಿಗೆ ಹೋಗಿದೆ, ಅಲ್ಲಿಯವರೆಗೆ ಫೋನಿನಲ್ಲಿ ತೆಗೆಯುತ್ತೇನೆ ಎಂದೆ. "ನಡಿಯುತ್ತೆ, ನಡಿಯುತ್ತೆ," ಎಂದರು ಅವರು. ಎಲ್ಲರ ಕೈಯಲ್ಲೂ ಫೋನಿರುವ ಕಾಲದಲ್ಲಿ ಅವರು ಹಾಗೆನ್ನದೆ ಇನ್ನೇನು ಅಂದಾರು.

ಫೋನು ಏನು ಮಾಡುತ್ತದೆಂದು ನನಗೆ ಗೊತ್ತಿತ್ತು. ಹುಟ್ಟುಹಬ್ಬದ ಫೋಟೋದಲ್ಲಿ ಮುಖದ ಕಲೆಗಳನ್ನು ಅದು ಕೇಳದೆಯೇ ನಯಮಾಡುತ್ತದಲ್ಲ, ಬಾಯಿಯ ಒಳಗೂ ಹಾಗೆಯೇ ಮಾಡುತ್ತದೆ. ಕೆಂಪನ್ನು ತಗ್ಗಿಸುತ್ತದೆ, ಒರಟನ್ನು ಒರೆಸುತ್ತದೆ. ಅದರ ಪಾಲಿಗೆ ಎಲ್ಲರೂ ಚೆನ್ನಾಗಿ ಕಾಣಬೇಕಾದವರೇ.

ಅಜ್ಜಿ ಒಂಬತ್ತನೆಯ ಸಲ ಬಂದದ್ದು ಆ ದಿನಗಳಲ್ಲಿ. ಕುರ್ಚಿಯಲ್ಲಿ ಕೂತರು, ಬಾಯಿ ತೆರೆದರು.

"ದೊಡ್ಡ ಕ್ಯಾಮ್ರ ಎಲ್ಲವ್ವ?"

"ರಿಪೇರಿಗೆ ಹೋಗಿದೆಯಮ್ಮ."

"ಅದ್ಕೂ ಆಸ್ಪತ್ರೆನಾ," ಎಂದು ನಕ್ಕರು.

ಕೊಕ್ಕೆ ಹಾಕಿ, ಟಾರ್ಚ್ ಬಿಟ್ಟು ನೋಡಿದೆ. ಮಚ್ಚೆಯ ಹಿಂದಿನ ಅಂಚಿನಲ್ಲಿ, ಕೊನೆಯ ಹಲ್ಲಿನ ಹತ್ತಿರ, ಎರಡು ಕೆಂಪು ಚುಕ್ಕಿ. ಸೂಜಿ ಚುಚ್ಚಿದ ಹಾಗೆ. ಹಲ್ಲು ತಾಗಿರಬಹುದು, ಖಾರ ತಿಂದಿರಬಹುದು. ನಾನು ಡಾಕ್ಟರಲ್ಲ. ಆದರೆ ಆ ಕೆನ್ನೆಯನ್ನು ಜಗತ್ತಿನಲ್ಲಿ ಎಲ್ಲರಿಗಿಂತ ಹೆಚ್ಚು ನೋಡಿದ್ದವಳು ನಾನು. ಫೋನಿನಲ್ಲಿ ಐದಾರು ಫೋಟೋ ತೆಗೆದೆ. ಒಂದರಲ್ಲೂ ಆ ಚುಕ್ಕಿಗಳು ಇರಲಿಲ್ಲ. ತಿಳಿ ಗುಲಾಬಿ, ನಡುವೆ ಮೆತ್ತಗಿನ ಬಿಳುಪು, ಅಷ್ಟೇ.

ಹೊಸ ಡಾಕ್ಟರು ಅಜ್ಜಿಯ ಬಾಯಿಗೆ ಬೆಳಕು ಬಿಟ್ಟು ಒಂದು ಕ್ಷಣ ನೋಡಿ, ಪರದೆಯ ಮೇಲೆ ಹಳೆಯ ಫೋಟೋ ಮತ್ತು ಹೊಸ ಫೋಟೋ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಹೊರಗೆ ಸಾಲು ಗೇಟಿನವರೆಗೂ ಇತ್ತು.

"ಚೇಂಜ್ ಏನಿಲ್ಲ ಅಲ್ವಾ?" ಎಂದರು, ನನ್ನ ಕಡೆ ತಿರುಗಿ.

ಅವರು ನನ್ನನ್ನೇ ಕೇಳಿದರು. ಅದನ್ನು ನಾನು ಮರೆತಿದ್ದೇನೆಂದು ಹೇಳಿಕೊಳ್ಳುವ ಹಾಗಿಲ್ಲ. ಫೋಟೋದಲ್ಲಿ ಸರಿಯಾಗಿ ಬಂದಿಲ್ಲ ಡಾಕ್ಟ್ರೇ, ಹಿಂದೆ ಕೆಂಪಗಿದೆ, ಇನ್ನೊಂದು ಸಲ ನೋಡಿ ಎನ್ನಬೇಕಿತ್ತು. ಹಾಗೆಂದರೆ ಯಾಕೆ ಸರಿಯಾಗಿ ಬಂದಿಲ್ಲ ಎಂದು ಕೇಳುತ್ತಾರೆ. ಲೆನ್ಸು ಎಲ್ಲಿ, ಎಂದು ಬರುತ್ತದೆ, ಯಾರು ಕೊಂಡದ್ದು. ಆ ಒಂದು ಗಳಿಗೆಯಲ್ಲಿ ಇಷ್ಟೆಲ್ಲ ನನ್ನ ತಲೆಯಲ್ಲಿ ಓಡಿತು.

"ಹಾಗೇ ಕಾಣುತ್ತೆ ಸರ್," ಎಂದೆ.

ನಾಲ್ಕು ತಿಂಗಳು ಬಿಟ್ಟು ಬನ್ನಿ ಎಂದರು. ಅಜ್ಜಿ ನನಗೆ ಸಬ್ಬಸಿಗೆ ಸೊಪ್ಪು ಕೊಟ್ಟು ಹೋದರು. ಸಂಜೆ ಅದನ್ನು ಸೋಸುತ್ತ ಕೂತಾಗ, ಮುಂದಿನ ವಾರ ಅವರನ್ನು ಕರೆಸಿ ಮತ್ತೆ ನೋಡಿಸಬೇಕು ಎಂದುಕೊಂಡೆ. ಕಾರ್ಡಿನಲ್ಲಿದ್ದ ನಂಬರಿಗೆ ಒಂದು ಸಲ ಫೋನ್ ಮಾಡಿದೆ. ಯಾರೂ ಎತ್ತಲಿಲ್ಲ. ಎರಡನೆಯ ಸಲ ಮಾಡಲಿಲ್ಲ.

ನಾಲ್ಕು ತಿಂಗಳಿಗೆ ಅವರು ಬರಲಿಲ್ಲ. ಆ ವರ್ಷದ ಮಳೆಗೆ ಮಹದೇವಪುರದ ಕಡೆ ರಸ್ತೆಗಳಲ್ಲಿ ನೀರು ನಿಂತಿತ್ತು, ಅವರ ಸಾಲು ಕೋಣೆಗಳಿಗೂ ನುಗ್ಗಿತ್ತಂತೆ. ಬಂದದ್ದು ಆರನೆಯ ತಿಂಗಳಿಗೆ, ಸೊಸೆಯ ತೋಳು ಹಿಡಿದುಕೊಂಡು. ಎಡಗೆನ್ನೆ ಹೊರಗಿನಿಂದಲೇ ಊದಿತ್ತು. ಅಷ್ಟರಲ್ಲಿ ಲೆನ್ಸು ವಾಪಸು ಬಂದಿತ್ತು. ಏನನ್ನು ಬದಲಾಯಿಸಿದರೋ, ಮೊದಲಿನಂತೆಯೇ ಕೆಲಸ ಮಾಡುತ್ತಿತ್ತು. ಅಜ್ಜಿಗೆ ಬಾಯಿ ಎರಡು ಬೆರಳಿನಷ್ಟೂ ತೆರೆಯಲಾಗಲಿಲ್ಲ. ಕೊಕ್ಕೆ ತಾಗಿದಾಗ ಕಣ್ಣಿನಲ್ಲಿ ನೀರು ಬಂತು. ನಾನು ತೆಗೆದ ಚಿತ್ರದಲ್ಲಿ ಹುಣ್ಣಿನ ಎದ್ದ ಅಂಚು, ಒಳಗಿನ ತಗ್ಗು, ಅದರ ತಳದ ಬೂದು ಬಣ್ಣ, ಎಲ್ಲ ಕೂದಲೆಳೆಯಷ್ಟು ಚೂಪಾಗಿ ಬಂತು.

ಹೊಸ ಡಾಕ್ಟರು ಪರದೆಯ ಮೇಲೆ ಫೋಟೋಗಳನ್ನು ಹಿಂದಕ್ಕೆ ಸರಿಸುತ್ತಾ ಹೋದರು. ಫೋನಿನ ಫೋಟೋ ಬಂದಾಗ ನಿಂತರು. "ಆರು ತಿಂಗಳಲ್ಲಿ ಇಷ್ಟು ಬೇಗ," ಎಂದರು. ನಾನು ಆಗಲೂ ಸುಮ್ಮನಿದ್ದೆ.

ದವಡೆಯ ಎಡಭಾಗ, ಕೆನ್ನೆಯ ಒಳಭಾಗ, ಕುತ್ತಿಗೆಯ ಗಂಟುಗಳು, ಎಲ್ಲವನ್ನೂ ತೆಗೆದರು. ಎದೆಯಿಂದ ಮಾಂಸ ತಂದು ಕೆನ್ನೆ ಮುಚ್ಚಿದರು. ಒಂಬತ್ತನೆಯ ದಿನ ಮಧ್ಯಾಹ್ನ ನಾನು ವಾರ್ಡಿಗೆ ಹೋದೆ. ಸೊಸೆ ಔಷಧಿ ತರಲು ಕೆಳಗೆ ಹೋಗಿದ್ದಳು. ಅಜ್ಜಿಯ ಮೂಗಿನಲ್ಲಿ ನಳಿಕೆ ಇತ್ತು. ಮಾತಾಡುವ ಹಾಗಿರಲಿಲ್ಲ. ಕಣ್ಣು ಮಾತ್ರ ನನ್ನನ್ನು ಗುರುತಿಸಿತು. ನಾನು ಮಂಚದ ಪಕ್ಕ ಕೂತು ಹೇಳಿದೆ.

"ಅಮ್ಮಾ, ಆವತ್ತು ಫೋನಲ್ಲಿ ತೆಗೆದೆನಲ್ಲ, ಆವತ್ತೇ ಕೆಂಪಗಿತ್ತು. ನಾನು ನೋಡಿದ್ದೆ. ಡಾಕ್ಟ್ರಿಗೆ ಹೇಳ್ಲಿಲ್ಲ."

ಅವರು ನನ್ನನ್ನೇ ನೋಡುತ್ತಿದ್ದರು. ಲೆನ್ಸಿನ ವಿಷಯ ಹೇಳಲು ಹೋದೆ. ಕಂಪನಿ, ಅರ್ಧ ಬೆಲೆ, ಸಾಫ್ಟ್‌ವೇರ್. ಅರ್ಧಕ್ಕೇ ನಿಲ್ಲಿಸಿದೆ, ಆ ಮಂಚದ ಮುಂದೆ ಆ ಪದಗಳಿಗೆ ಅರ್ಥವೇ ಇರಲಿಲ್ಲ. ಅವರು ನಿಧಾನವಾಗಿ ಕೈ ಎತ್ತಿದರು. ಬೆರಳುಗಳನ್ನು ಬಾಯಿಯ ಕಡೆ ತೋರಿಸಿದರು, ಆಮೇಲೆ ನನ್ನ ಕಡೆ, ಮತ್ತೆ ಬಾಯಿಯ ಕಡೆ. ಏನು ಹೇಳುತ್ತಿದ್ದಾರೆ? ನೀನು ಮಾಡಿದ್ದು ಎನ್ನುತ್ತಿದ್ದಾರೆಯೇ, ಹೋಗಲಿ ಬಿಡು ಎನ್ನುತ್ತಿದ್ದಾರೆಯೇ? ನಾನು ಅವರ ಕೈ ಹಿಡಿದೆ. ಅವರು ಬಿಡಿಸಿಕೊಂಡು ಮತ್ತೆ ಅದೇ ಸನ್ನೆ ಮಾಡಿದರು. ಅಷ್ಟರಲ್ಲಿ ಸೊಸೆ ಬಂದಳು.

"ತುಟಿ ಒಣಗ್ದಂಗೆ ಆಗ್ತದೆ ಅವ್ರಿಗೆ. ನೀರು ಕೇಳ್ತಾವ್ರೆ," ಎಂದು ಹತ್ತಿಯನ್ನು ಒದ್ದೆ ಮಾಡಿ ಸವರಿದಳು. ಅಜ್ಜಿ ಕಣ್ಣು ಮುಚ್ಚಿಕೊಂಡರು. ನಾನು ಹೇಳಿದ್ದನ್ನು ಅವರು ಕೇಳಿಸಿಕೊಂಡರೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಇನ್ನೊಂದು ಸಲ ಹೇಳುವ ಧೈರ್ಯ ಬರಲಿಲ್ಲ.

ನಿವೃತ್ತರಾದ ದೊಡ್ಡ ಡಾಕ್ಟರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಬಹುಶಃ ಅವರು ಸಮಾಧಾನ ಹೇಳಲಿ ಎಂದೇ ಮಾಡಿರಬೇಕು.

"ಆವತ್ತೇ ಸಿಕ್ಕಿದ್ರೆ ದವಡೆ ಉಳೀತಿತ್ತಾ ಡಾಕ್ಟ್ರೇ?" ಎಂದು ಕೇಳಿದೆ.

"ಉಳೀಬಹುದಿತ್ತು. ಖಂಡಿತ ಅಂತ ಯಾರೂ ಹೇಳೋಕಾಗಲ್ಲ," ಎಂದರು. "ಲೆನ್ಸ್ ತಪ್ಪು ಅಂತ ನಾನು ಅನ್ನಲ್ಲ. ಸೈನ್ ಹಾಕಿದ್ದು ನಾನೇ. ಆದ್ರೆ ಅವ್ರು ಕೇಳ್ದಾಗ ನೀನು ಹೇಳ್ಬೇಕಿತ್ತು."

ಹೊಸ ಡಾಕ್ಟರ ಬಳಿಯೂ ಹೋಗಿ ಹೇಳಿದೆ. ಅವರು ಮುಖ ಒರೆಸಿಕೊಂಡರು. "ನಾನೂ ನೋಡಿದ್ದೆನಲ್ಲ ಆವತ್ತು, ನಂಗೇ ಕಾಣ್ಲಿಲ್ಲ," ಎಂದಷ್ಟೇ ಹೇಳಿ ಮುಂದಿನ ರೋಗಿಯನ್ನು ಕರೆದರು. ಯಾರೂ ನನ್ನನ್ನು ಬೈಯಲಿಲ್ಲ, ಕೆಲಸದಿಂದ ತೆಗೆಯಲಿಲ್ಲ. ಮುಂದಿನ ಸಭೆಯಲ್ಲಿ ಕಂಪನಿಯದೇ ಲೆನ್ಸ್ ಕೊಳ್ಳಲು ಒಪ್ಪಿಗೆಯಾಯಿತು. ವಾರಂಟಿ ಕಾರ್ಡಿನ ಮೇಲೆ ನನ್ನ ಹೆಸರನ್ನು ನಾನೇ ಬರೆದೆ. ಆ ಲೆನ್ಸಿಗೆ ಈವರೆಗೆ ಏನೂ ಆಗಿಲ್ಲ. ಚಾಚಾನಿಗೆ ಇದನ್ನೆಲ್ಲ ಹೇಳೋಣವೆಂದು ಒಮ್ಮೆ ಹೋದೆ. ಅಂಗಡಿಯಲ್ಲಿ ಮೊಬೈಲ್ ಕವರುಗಳನ್ನು ತೂಗುಹಾಕಿದ್ದರು; ಅವರು ಹಾಸಿಗೆ ಹಿಡಿದು ಮಗಳ ಊರಿಗೆ ಹೋದರು ಎಂದು ಪಕ್ಕದ ಅತ್ತರಿನ ಅಂಗಡಿಯವರು ಹೇಳಿದರು.

ಅಜ್ಜಿ ವಿಕಿರಣ ಚಿಕಿತ್ಸೆಗೆ ಕೆಲವು ಸಲ ಬಂದು ನಿಲ್ಲಿಸಿದರು. ತಿಂಗಳುಗಳು ಕಳೆದವು. ಒಂದು ಭಾನುವಾರ ಕಾರ್ಡಿನಲ್ಲಿದ್ದ ವಿಳಾಸ ಹಿಡಿದು ಹೋದೆ. ಹೊರವರ್ತುಲ ರಸ್ತೆಯಿಂದ ಒಳಗೆ ತಿರುಗಿ, ಎರಡು ಅಪಾರ್ಟ್‌ಮೆಂಟುಗಳ ಕಾಂಪೌಂಡಿನ ನಡುವಿನ ಸಂದಿಯಲ್ಲಿ ನಡೆದರೆ ಹಳೆಯ ಊರು. ಗೋಡೆಯ ಮೇಲೆ ಮೊಣಕಾಲೆತ್ತರಕ್ಕೆ ನೀರು ನಿಂತ ಗೆರೆ ಇನ್ನೂ ಇತ್ತು. ಸೊಸೆ ಬಾಗಿಲಲ್ಲಿ ಅಕ್ಕಿ ಕೇರುತ್ತಿದ್ದಳು. ನನ್ನನ್ನು ನೋಡಿದೊಡನೆ ಮೊರ ಕೆಳಗಿಟ್ಟಳು.

"ಹೋಗ್ಬಿಟ್ರು ಅಕ್ಕ. ಹೋದ ತಿಂಗ್ಳು," ಎಂದಳು. "ಕೊನೇಗೆ ಗಂಜೀನೂ ಇಳೀಲಿಲ್ಲ."

ಒಳಗೆ ಕರೆದು ಕೂರಿಸಿ ಕಾಫಿ ಕೊಟ್ಟಳು. ಕುಡಿದೆ. ಇವಳಿಗೂ ಹೇಳಬೇಕು ಎಂದು ಬಂದಿದ್ದೆ. ಅವಳು ಮಾತಾಡುತ್ತಿದ್ದಾಗ ಹಲ್ಲಿನ ಬುಡದಲ್ಲಿ ಕಂದು ಬಣ್ಣ ಕಂಡಿತು.

"ನೀನೂ ಹಾಕ್ತೀಯಾ?" ಎಂದು ಕೇಳಿದೆ.

"ಯಾವಾಗ್ಲಾದ್ರೂ. ಕೆಲ್ಸ ಜಾಸ್ತಿ ಇದ್ದಾಗ."

ಬಾಗಿಲ ಬಳಿ ಬೆಳಕಿಗೆ ಕರೆದು ಬಾಯಿ ತೆರೆಸಿದೆ. ಎಡಗೆನ್ನೆಯ ಒಳಗೆ, ಹಲ್ಲಿನ ಸಾಲಿಗೆ ಸರಿಯಾಗಿ, ಒಂದು ಬಿಳಿಯ ಗೆರೆ. ಅದು ಏನೂ ಅಲ್ಲದಿರಬಹುದು. ಹಾಗೆಂದು ನಾನು ಅವಳಿಗೆ ಹೇಳಲಿಲ್ಲ. ಬಿಳಿ ಇದೆ, ಡಾಕ್ಟರು ನೋಡಲೇಬೇಕು, ನಾಳೆ ಸೋಮವಾರ, ಬೆಳಿಗ್ಗೆಯೇ ಬಾ, ಸಾಲಿನಲ್ಲಿ ನಿಲ್ಲಬೇಡ, ನನ್ನನ್ನು ಕೇಳು ಎಂದು ಎರಡೆರಡು ಸಲ ಹೇಳಿದೆ. ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು, ಬರ್ತೀನಿ ಅಕ್ಕ ಎಂದಳು.

ಸೋಮವಾರ ಬರಲಿಲ್ಲ. ಬುಧವಾರ ಫೋನ್ ಮಾಡಿದೆ, ಮನೆಯಲ್ಲಿ ನೆಂಟರು ಎಂದಳು. ಮುಂದಿನ ವಾರ ಮತ್ತೆ ಮಾಡಿದೆ. ಆ ಮೇಲಿನ ವಾರವೂ. ಈಗ ನನ್ನ ನಂಬರ್ ನೋಡಿದರೆ ಅವಳು ಎತ್ತುವುದಿಲ್ಲ.